ಮೂವತ್ತೊಂದರಿಂದ ನಲವತ್ತನಾಲ್ಕಕ್ಕೆ

ಚಂದಮ್ಮನಿಗೆ ಒಮ್ಮೆ ಗುಮಾನಿ ಬಂತೆಂದರೆ ಮುಗಿಯಿತು, ಅದು ಅವಳ ಜೊತೆ ಊಟಕ್ಕೂ ಕೂರುತ್ತಿತ್ತು, ಬಸ್ಸಿಗೂ ಹತ್ತುತ್ತಿತ್ತು. ಶಹಾಪುರದ ಬಾಡಿಗೆ ಮನೆಗೆ ಕೀಲಿ ಹಾಕಿ ಓಣಿಯ ತುದಿಯವರೆಗೆ ಹೋದವಳು ತಿರುಗಿ ಬಂದು ಕೀಲಿ ಜಗ್ಗಿ ನೋಡುವಳು. ಕಾಯಿಪಲ್ಲೆ ಮಾರುವವಳು ಒಂದು ಬದನೆಕಾಯಿ ಜಾಸ್ತಿ ಹಾಕಿದರೆ ಖುಷಿಪಡುವುದು ಬಿಟ್ಟು, ಒಳಗೆ ಹುಳು ಇರಬೇಕು ಎಂದು ಅಲ್ಲೇ ಮುರಿದು ನೋಡುವಳು. ಇಂಥವಳಿಗೆ ದೇವರು ತಕ್ಕ ಕೆಲಸವನ್ನೇ ಕೊಟ್ಟಿದ್ದ ಅನ್ನಿ. ಕಾಲುವೆಯ ಗೇಟುಗಳನ್ನು ನಡೆಸುವ ಸಾಫ್ಟ್‌ವೇರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವುದು ಅವಳ ಕೆಲಸ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಆಗದಿದ್ದರೆ ಏನು ಮಾಡಬೇಕು, ಓದುವವನು ಎಲ್ಲಿ ಎಡವಿಯಾನು ಎಂದು ಸಾಲು ಸಾಲಿಗೂ ಸಂಶಯಪಡುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು.

ಈ ಸೀಮೆಗೆ ಕಾಲುವೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಅದರ ಗೇಟುಗಳಿಗೆ ಮೋಟಾರು, ಮೋಟಾರಿಗೆ ಕಂಪ್ಯೂಟರು ಬಂದದ್ದು ಮಾತ್ರ ಈಚೆಗೆ. ಶಹಾಪುರ ಮತ್ತು ಸುರಪುರದ ನಡುವಿನ ಒಂದು ತುಂಡು ಕಾಲುವೆಗೆ, ಎಂಟನೇ ಗೇಟಿನಿಂದ ಹದಿಮೂರನೇ ಗೇಟಿನವರೆಗೆ, ಮೊದಲು ಅಳವಡಿಸಿ ನೋಡಿದ್ದರು. ಆರು ಗೇಟು, ಆರು ಮಂದಿ ಗೇಟಿನವರು. ಒಬ್ಬೊಬ್ಬರ ಕೈಗೂ ಒಂದು ಟ್ಯಾಬು ಕೊಟ್ಟಿದ್ದರು. ಟ್ಯಾಬಿನಲ್ಲಿ ‘ಮುಚ್ಚು’ ಒತ್ತಿದರೆ ಮೋಟಾರು ತಿರುಗಿ ಗೇಟು ಕೆಳಗಿಳಿಯಬೇಕು, ಶಹಾಪುರದ ಆಫೀಸಿನ ಸ್ಕ್ರೀನಿನ ಮೇಲೆ ‘ಮುಚ್ಚಿದೆ’ ಎಂದು ಬರಬೇಕು. ಇಷ್ಟಕ್ಕೆ ಚಂದಮ್ಮ ತೊಂಬತ್ತಾರು ಪುಟ ಬರೆದಿದ್ದಳು, ಗೇಟಿನವರನ್ನು ಕೂರಿಸಿಕೊಂಡು ಎರಡು ದಿನ ಪಾಠವನ್ನೂ ಮಾಡಿದ್ದಳು.

ಆ ಮಾಘದಲ್ಲಿ ಒಂದು ಬೆಳಿಗ್ಗೆ ಆ ಸಾಫ್ಟ್‌ವೇರಿನ ಕಂಪನಿಯ ಶಹಾಪುರದ ಶಾಖೆ ನೋಡಿಕೊಳ್ಳುವ ಹಂಪಣ್ಣ ಅವಳ ಮೇಜಿನ ಮುಂದೆ ಬಂದು ನಿಂತ. ಇಸ್ತ್ರಿ ಅಂಗಿ, ಹಣೆಗೆ ವಿಭೂತಿ, ಮುಖದಲ್ಲಿ ಅವಸರ.

"ಚಂದಮ್ಮಾ, ಒಂದು ಪತ್ರ ಬರೀಬೇಕವಾ ನೀ. ನಾಕೇ ಸಾಲು. ಕೈಪಿಡಿಯೊಳಗ ಎಲ್ಲಾ ಸ್ಪಷ್ಟ ಅದ, ತಪ್ಪು ಗೇಟಿನವಂದು ಅಂತ. ಕೆಳಗ ಸಹಿ ಮಾಡು."

"ಯಾವ ಗೇಟಿನವಂದು?"

"ಒಂಬತ್ತನೇದು. ಈಶಪ್ಪ."

ನಡೆದದ್ದು ಇಷ್ಟು. ಒಂಬತ್ತನೇ ಗೇಟು ಬಲಗಡೆಯ ಹೊಲಗಳಿಗೆ ನೀರು ಬಿಡುವ ಗೇಟು. ಅಲ್ಲಿನ ನೀರಿನ ಪಾಳಿ ಮುಗಿದ ಮೇಲೆ ಅದು ಮುಚ್ಚಬೇಕು, ಮುಚ್ಚಿದರೇ ನೀರು ಮುಂದೆ ಹರಿದು ಕಾಲುವೆಯ ಕೊನೆಯ ಹೊಲಗಳಿಗೆ ಮುಟ್ಟುತ್ತದೆ. ಸ್ಕ್ರೀನಿನ ಮೇಲೆ ಎರಡು ವಾರದ ಹಿಂದಿನ ಸೋಮವಾರ ಮುಂಜಾನೆಯೇ ‘ಮುಚ್ಚಿದೆ’ ಎಂದಿತ್ತು. ಖರೇವಾಗಿ ಗೇಟು ನಾಲ್ಕು ದಿನ ಅರ್ಧ ತೆರೆದೇ ಇತ್ತು. ಕೊನೆಯವರ ಶೇಂಗಾ ಹೂ ಬಿಡುವ ಹೊತ್ತಿಗೆ ಸರಿಯಾಗಿ ಒಣಗಿತು. ಮೊದಲು ದೂರು ಕೊಟ್ಟವಳು ಲಾಲಮ್ಮ ಎಂಬ ಮುದುಕಿ. ಅವಳು ಆಫೀಸಿಗೆ ಬಂದು, ಈಶಪ್ಪನ ಹೆಂಡತಿಯ ಅಣ್ಣನ ಹೊಲ ಆ ಬಲಗಡೆಯಲ್ಲೇ ಇದೆ, ಬೀಗರಿಗೆ ನೀರು ಕುಡಿಸಿ ನಮ್ಮ ಬಾಯಿಗೆ ಮಣ್ಣು ಹಾಕಿದ ಎಂದು ಕಿರುಚಿ ಹೋಗಿದ್ದಳು. ಈ ಗುರುವಾರ ಸುರಪುರದಲ್ಲಿ ನೀರಾವರಿ ಇಲಾಖೆಯ ಇಂಜಿನಿಯರ್ ಸಾಹೇಬರ ಮುಂದೆ ವಿಚಾರಣೆ. ಈಶಪ್ಪ ಹದಿನೆಂಟು ವರ್ಷದಿಂದ ದಿನಗೂಲಿಯ ಮೇಲೆ ಗೇಟು ಕಾಯುತ್ತಿದ್ದವನು. ಕಾಯಂ ಮಾಡುವ ಆದೇಶ ಇವತ್ತೋ ನಾಳೆಯೋ ಎಂಬಂತಿತ್ತು. ಚಂದಮ್ಮನ ನಾಲ್ಕು ಸಾಲು ಹೋದರೆ ಕಾಯಂ ಹಾಳಾಗಲಿ, ಇದ್ದ ಕೆಲಸವೂ ಹೋಗುತ್ತಿತ್ತು.

ಚಂದಮ್ಮನಿಗೆ ಈಶಪ್ಪನ ಮೇಲೆ ಗುಮಾನಿ ಆಗಲೇ ಹತ್ತಿತ್ತು. ಬೀಗರ ಹೊಲ ಅಂದಮೇಲೆ ಇನ್ನೇನು? ಆದರೂ ತಾನು ನೋಡದೆ ಸಹಿ ಮಾಡಲು ಅವಳ ಕೈ ಏಳಲಿಲ್ಲ.

"ಮೊದಲ ನಕಾಶಿ ತೆಗೀತೀನ್ರಿ. ಆಮ್ಯಾಲ ಸಹಿ."

"ಯಾತರ ನಕಾಶಿ? ಕಾಲುವಿದಾ?"

"ಪುಸ್ತಕದ್ದು. ಒಂದೊಂದು ಪುಟಕ್ಕ ಒಂದೊಂದು ಚೌಕ. ‘ಆ ಪುಟ ನೋಡಿ’ ಅಂತ ಎಲ್ಲೆಲ್ಲಿ ಬರದೀನಿ, ಅಲ್ಲಿಂದ ಅಲ್ಲಿಗೆ ಒಂದು ಬಾಣ. ನಾ ಬರದದ್ದು ನಾನೇ ಓದಿದರ ಎಲ್ಲಾ ಛಂದನೇ ಕಾಣ್ತದ್ರಿ. ಗೆರಿ ಎಳದರ ಎಲ್ಲಿ ತೂತು ಬಿದ್ದದ ಅಂತ ಕಣ್ಣಿಗೆ ಹೊಡೀತದ. ಹೆಂಗೂ ಎರಡನೇ ಮುದ್ರಣಕ್ಕ ಬೇಕಾಗ್ತದ."

"ಗುರುವಾರದ ಒಳಗ ಮುಗಸು," ಅಂದ ಹಂಪಣ್ಣ. ಇವಳ ಕೈಯಲ್ಲಿ ನಾಲ್ಕು ಸಾಲು ಬರೆಸುವುದಕ್ಕಿಂತ ಕಾಲುವೆ ತೋಡುವುದೇ ಸಲೀಸು ಎಂದು ಗೊಣಗುತ್ತಾ ಹೋದ.

ನಾಲ್ಕು ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ, ನೆಲದ ಮೇಲೆ ಹಾಸಿ, ಚಂದಮ್ಮ ಅದರ ಮೇಲೆಯೇ ಕೂತಳು. ಮಾಡುವ ಕೆಲಸದ ಪುಟಗಳಿಗೆ ನೀಲಿ, ಅಪಾಯದ ಮಾತಿರುವ ಪುಟಗಳಿಗೆ ಕೆಂಪು. ಎರಡು ದಿನ ಗೆರೆ ಎಳೆದಳು. ತನ್ನ ಪುಸ್ತಕದ ಬಗ್ಗೆ ಇದ್ದ ಜಂಬ ಸ್ವಲ್ಪ ಇಳಿಯಿತು. ಹನ್ನೆರಡನೇ ಪುಟಕ್ಕೆ ಯಾವ ಕಡೆಯಿಂದಲೂ ಬಾಣವೇ ಬರುತ್ತಿರಲಿಲ್ಲ, ಅನಾಥವಾಗಿ ಕೂತಿತ್ತು. ಐವತ್ತೆಂಟು ಎಪ್ಪತ್ತನ್ನು ನೋಡು ಅನ್ನುತ್ತಿತ್ತು, ಎಪ್ಪತ್ತು ಐವತ್ತೆಂಟನ್ನೇ ನೋಡು ಅನ್ನುತ್ತಿತ್ತು. ಓದುವವನು ಗಾಣದ ಎತ್ತಿನ ಹಾಗೆ ಸುತ್ತಬೇಕು. ಅಯ್ಯೋ ನನ್ನ ಬುದ್ಧಿಗಿಷ್ಟು, ಎಂದು ಅವಳು ತನ್ನ ಹಣೆ ತಾನೇ ಬಡಿದುಕೊಂಡಳು. ಆದರೆ ಗೇಟು ಮುಚ್ಚುವ ದಾರಿ ಮಾತ್ರ ನೆಟ್ಟಗಿತ್ತು. ಮೂವತ್ತೊಂದನೇ ಪುಟ: ‘ಮುಚ್ಚು’ ಒತ್ತಬೇಕು, ಒತ್ತಿದ ಮೇಲೆ ಗೇಟಿನ ಹತ್ತಿರ ನಿಲ್ಲಬಾರದು, ಕೈಚಕ್ರ ಮುಟ್ಟಬಾರದು, ಮುಂದಿನದಕ್ಕೆ ಪುಟ ನಲವತ್ತನಾಲ್ಕು ನೋಡಿ. ನಲವತ್ತನಾಲ್ಕನೇ ಪುಟ: ಎರಡು ನಿಮಿಷ ಬಿಟ್ಟು ಗೇಟಿನ ಹತ್ತಿರ ಹೋಗಿ ತಳಕ್ಕೆ ಮುಟ್ಟಿದೆಯೇ ನೋಡಬೇಕು, ನಡುವೆ ಕರೆಂಟು ಹೋಗಿ ನಿಂತಿದ್ದರೆ ಮೋಟಾರಿನ ಬಗಲಿನ ಕೆಂಪು ಹಿಡಿಕೆ ಎತ್ತಿ ಕೈಚಕ್ರದಿಂದ ಮುಚ್ಚಬೇಕು. ಒಂದರಿಂದ ಇನ್ನೊಂದಕ್ಕೆ ದಪ್ಪನೆಯ ಬಾಣ ಎಳೆದು ಚಂದಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. ಪುಸ್ತಕ ಸರಿಯಾಗಿತ್ತು. ಹಾಗಾದರೆ ಆ ಮನುಷ್ಯನೇ ಸರಿಯಿಲ್ಲ.

ಅಷ್ಟಕ್ಕೆ ಸಹಿ ಮಾಡಿಬಿಡಬಹುದಿತ್ತು. ಚಂದಮ್ಮನಿಗೆ ಅವನ ಬಾಯಿಂದಲೇ ಹೊರಡಿಸಬೇಕು ಎಂಬ ಹಟ. ಬುಧವಾರ ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಸುರಪುರದ ಬಸ್ಸು ಹತ್ತಿದಳು. ಕ್ರಾಸಿನಲ್ಲಿ ಇಳಿದು ಕಾಲುವೆಯ ದಂಡೆ ಹಿಡಿದು ಅರ್ಧ ಗಂಟೆ ನಡೆದಳು. ಒಂಬತ್ತನೇ ಗೇಟು ಈಗ ಭದ್ರವಾಗಿ ಮುಚ್ಚಿತ್ತು. ಪಕ್ಕದ ತಗಡಿನ ಗುಡಿಸಲಿನ ಮುಂದೆ ಈಶಪ್ಪ ಕಲ್ಲಿನ ಮೇಲೆ ಕೂತು ಟ್ಯಾಬಿನ ಗಾಜನ್ನು ಟವೆಲ್ಲಿನ ತುದಿಯಿಂದ ಒರೆಸುತ್ತಿದ್ದ. ಐವತ್ತರ ಆಸುಪಾಸಿನ ಒಣಕಲು ಆಳು. ಅವಳನ್ನು ಕಂಡು ಎದ್ದು ನಿಂತ. ಆದರೆ ಕಣ್ಣು ನೆಟ್ಟದ್ದು ಅವಳ ಕಂಕುಳಿನ ಸುರುಳಿಯ ಮೇಲೆ.

"ಬರ್ರಿ ಮೇಡಂ. ಅದೇನ್ರಿ, ನಕಾಶಿ ಏನು?"

"ಹೌದ್ರಿ. ನಿಮಗ ತೋರಸಾಕ ತಂದೀನಿ."

"ಬ್ಯಾಡ್ರಿ." ಈಶಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಸುರಳಿ ನಕಾಶಿ ಹಿಡಕೊಂಡು ಬಂದವರು ಬಡವರಿಗೆ ಒಳ್ಳೇದು ಮಾಡಿದ್ದು ನಾ ಕಂಡಿಲ್ಲ. ಕಾಲುವಿ ತೋಡೂ ಮೊದಲ ಹಿಂಗೇ ಒಬ್ಬ ಸಾಹೇಬ ಬಂದು ನಮ್ಮ ಕಟ್ಟಿ ಮ್ಯಾಲೆ ಸುರಳಿ ಬಿಚ್ಚಿದ. ನಮ್ಮಪ್ಪನ ಮೂರು ಎಕರೆ ಅದರಾಗ ಹೋತು. ಈಗ ಆ ಹೊಲದ ಮ್ಯಾಲೇ ನಿಂತೀರಿ ನೀವು."

ಚಂದಮ್ಮ ಕಾಲಕೆಳಗೆ ನೋಡಿಕೊಂಡಳು. ಒಂದು ಗಳಿಗೆ ಅಯ್ಯೋ ಅನ್ನಿಸಿತು. ಮರುಗಳಿಗೆಗೇ, ಇವನು ಮಾತು ತಪ್ಪಿಸಲು ಇದನ್ನು ತೆಗೆದ ಅನ್ನಿಸಿತು. ಅವಳು ಗುಡಿಸಲಿನ ಮುಂದಿನ ಕಟ್ಟೆಯ ಮೇಲೆ ಹಾಳೆ ಬಿಚ್ಚಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಳು.

"ಇದು ಹೊಲದ್ದಲ್ರಿ, ಪುಸ್ತಕದ್ದು. ಆ ಸೋಮವಾರ ಗೇಟು ಮುಚ್ಚುವಾಗ ಹೆಂಗ ಹೆಂಗ ಮಾಡಿದ್ರಿ, ಬೆರಳಿಟ್ಟು ತೋರಸ್ರಿ. ಅಷ್ಟೇ."

ಈಶಪ್ಪ ಬಹಳ ಹೊತ್ತು ಚೌಕಗಳನ್ನು ನೋಡಿದ. ಆಮೇಲೆ ಬಗ್ಗಿ ಮೂವತ್ತೊಂದರ ಮೇಲೆ ಬೆರಳಿಟ್ಟ. "ಇಲ್ಲಿ ಒತ್ತೀನ್ರಿ. ಹತ್ತಿರ ನಿಂದರಬ್ಯಾಡ ಅಂದದ, ನಿಂದರಲಿಲ್ಲ. ಚಕ್ರ ಮುಟ್ಟಬ್ಯಾಡ ಅಂದದ, ಮುಟ್ಟಲಿಲ್ಲ."

"ಮುಂದ?"

ಬೆರಳು ಬಾಣದ ಗುಂಟ ಹೊರಟಿತು. ಅರ್ಧ ದಾರಿಗೆ ನಿಂತಿತು.

"ಮುಂದ ಏನ್ರಿ ಈಶಪ್ಪಾರ? ಬಾಣ ಮುಂದ ಅದಲ್ಲಾ."

"ಆ ಹಾಳಿ ನನ್ನ ಹತ್ತಿರ ಇಲ್ರಿ," ಅಂದು ಈಶಪ್ಪ ತುಟಿ ಕಚ್ಚಿಕೊಂಡ.

ಸಿಕ್ಕಿಬಿದ್ದ! ಕಳ್ಳ, ಪುಟವನ್ನೇ ಹರಿದು ಬಿಸಾಕಿದ್ದಾನೆ. ನಾಳೆ ಸಾಹೇಬರ ಮುಂದೆ, ಪುಸ್ತಕದಲ್ಲಿ ಆ ಮಾತೇ ಇರಲಿಲ್ಲ ಅನ್ನುವ ಹೂಟ. ಅವಳು ಹೇಳದೆ ಕೇಳದೆ ಗುಡಿಸಲಿಗೆ ನುಗ್ಗಿದಳು. ದಿಂಬಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ತೆಳ್ಳನೆಯ ಕಟ್ಟು. ತೆಗೆದು ನೋಡಿದರೆ ಹದಿನೇಳನೇ ಪುಟದಿಂದ ಮೂವತ್ತೆರಡರವರೆಗೆ ಮಾತ್ರ. ಬೆನ್ನಿಗೆ ದಬ್ಬಣದಿಂದ ನೀಟಾಗಿ ಹೊಲಿದಿತ್ತು.

"ಒಂದು ಹಾಳಿ ಅಲ್ಲ, ಇಡೀ ಪುಸ್ತಕನೇ ಹರದೀರಲ್ರಿ! ಉಳಿದದ್ದು ಎಲ್ಲದ? ಸುಟ್ರೋ, ಕಾಲುವಿಗೆ ಹಾಕಿದ್ರೋ?"

ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಚಂದಮ್ಮ ಮತ್ತೆ ಮತ್ತೆ ಕೇಳಿದಳು, ಹೆದರಿಸಿದಳು, ಇದನ್ನೂ ಪತ್ರದಲ್ಲಿ ಬರೆಯುತ್ತೇನೆ ಅಂದಳು. ಅವನು ಕಾಲುವೆಯ ನೀರು ನೋಡುತ್ತಾ ಕಂಬದ ಹಾಗೆ ನಿಂತೇ ಇದ್ದ.

ಅಷ್ಟರಲ್ಲಿ ದಂಡೆಯ ಮೇಲೆ ಒಂದು ಹಳೆಯ ಬೈಕು ಗಡಗಡ ಬಂದು ನಿಂತಿತು. ಇಳಿದವನು ಹತ್ತನೇ ಗೇಟಿನ ಯಂಕಣ್ಣ. ದಪ್ಪ ಮೀಸೆ, ಅಂಗಿಯ ಒಳಗೆ ಏನನ್ನೋ ಬಚ್ಚಿಟ್ಟುಕೊಂಡಿದ್ದ. ಚಂದಮ್ಮನ ಕೈಯಲ್ಲಿದ್ದ ಕಟ್ಟು ನೋಡಿದವನೇ ಈಶಪ್ಪನ ಕಡೆ ತಿರುಗಿದ.

"ಹೇಳಿಬಿಟ್ಟಿ ಏನೋ?"

"ನಾ ಏನೂ ಹೇಳಿಲ್ಲೋ ಮಾರಾಯ."

"ಹೇಳಲಿಲ್ಲ ಅಂದರ ನೀ ಒಬ್ಬನೇ ಹೋಗ್ತಿ." ಯಂಕಣ್ಣ ಅಂಗಿಯ ಒಳಗಿಂದ ಅಂಥದ್ದೇ ಇನ್ನೊಂದು ಕಟ್ಟು ಹೊರತೆಗೆದ. "ಮೇಡಂ, ಅವನೊಬ್ಬನ ಮ್ಯಾಲ ಹಾಕಬ್ಯಾಡ್ರಿ. ಆರೂ ಮಂದಿ ಕೂಡೇ ಹರದೀವಿ. ಇದು ನನ್ನ ಪಾಲು. ಮೂವತ್ಮೂರರಿಂದ ನಲವತ್ತೆಂಟು."

ಚಂದಮ್ಮ ಎರಡು ಕಟ್ಟುಗಳನ್ನೂ ಎರಡು ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತಳು.

"ನೀವು ಆರು ಗೇಟಿಗೆ ಕೊಟ್ಟದ್ದು ಒಂದೇ ಪುಸ್ತಕ ಅಲ್ಲೇನ್ರಿ?" ಅಂದ ಯಂಕಣ್ಣ. "ಯಾರು ಇಟ್ಟುಕೋಬೇಕು? ಎಂಟನೇ ಗೇಟಿನವ ಇಟ್ಟುಕೊಂಡರ ಕೊನೀ ಗೇಟಿನವಗ ವರ್ಷ ಕಳದರೂ ಕಣ್ಣಿಗೆ ಬೀಳಂಗಿಲ್ಲ. ನೀರಿನ ಹಣೇಬರಾನೂ ಹಂಗೇ ಇತ್ತಲ್ಲ, ಮ್ಯಾಲಿನವನೇ ಎಲ್ಲಾ ಕುಡೀತಿದ್ದ. ಅದಕ್ಕ ಪಾಳಿ ಮಾಡ್ಯಾರ. ನಾವೂ ಹಂಗೇ ಪಾಲು ಮಾಡಿದಿವಿ. ಆರು ಮಂದಿಗೆ ತಲಿಗೆ ಹದಿನಾರು ಪುಟ. ಒಂದು ಪುಟ ಹೆಚ್ಚಿಲ್ಲ, ಒಂದು ಪುಟ ಕಮ್ಮಿ ಇಲ್ಲ. ಹದಿಮೂರನೇ ಗೇಟಿನವಗ ಬರೇ ಕಠಿಣ ಶಬ್ದದ ಪಟ್ಟಿ ಬಂದದ, ಪಾಪ, ಅದನ್ನೇ ದಿನಾ ಓದ್ತಾನ."

"ಯಾರಿಗೂ ಯಾಕ ಹೇಳಲಿಲ್ಲ?"

"ಸರಕಾರಿ ಪುಸ್ತಕ ಹರದೀವಿ ಅಂದರ ಸುಮ್ನ ಬಿಡ್ತಾರೇನ್ರಿ? ಆರೂ ಮಂದಿ ಆಣಿ ಮಾಡೀವಿ."

ಆಗ ಈಶಪ್ಪ ಬಾಯಿ ತೆರೆದ. ಆ ಸೋಮವಾರ ‘ಮುಚ್ಚು’ ಒತ್ತಿದ ಮೇಲೆ ಅವನು ಪುಸ್ತಕ ಹೇಳಿದಂತೆ ದೂರ ಹೋದ. ಒತ್ತಿದ ಕೂಡಲೇ ಟ್ಯಾಬಿನಲ್ಲಿ ‘ಮುಚ್ಚಿದೆ’ ಎಂದು ಬಂತು. ಮಧ್ಯಾಹ್ನ ನೋಡಿದರೆ ನೀರು ಇನ್ನೂ ಬಲಕ್ಕೆ ಹೋಗುತ್ತಿದೆ, ಕರೆಂಟು ಹೋಗಿ ಗೇಟು ಅರ್ಧಕ್ಕೆ ನಿಂತಿದೆ. ಕರೆಂಟು ಬಂದ ಮೇಲೆ ಮತ್ತೆ ಒತ್ತಿದರೂ, ಆಗಲೇ ಮುಚ್ಚಿದೆ ಎಂದು ಟ್ಯಾಬು ಮೋಟಾರನ್ನು ತಿರುಗಿಸಲಿಲ್ಲ. ಮುಂದೇನು ಎಂದು ಪುಟ ನಲವತ್ತನಾಲ್ಕಕ್ಕೆ ಯಂಕಣ್ಣನ ಗುಡಿಸಲಿಗೆ ನಾಲ್ಕು ಕಿಲೋಮೀಟರ್ ನಡೆದ. ಯಂಕಣ್ಣ ಸಂಸಾರ ಸಮೇತ ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದ, ಪುಟಗಳು ಗುಡಿಸಲಿನ ಒಳಗೆ, ಕೀಲಿ ಯಂಕಣ್ಣನ ಸೊಂಟದಲ್ಲಿ. ಫೋನಿನಲ್ಲಿ ಕೇಳಿದರೆ, ಯಾವುದೋ ಹಿಡಿಕೆ ಎತ್ತಬೇಕು ಅಂತ ಇದ್ದಂಗದ, ಯಾವುದು ಅಂತ ನೆನಪಿಲ್ಲ, ಶುಕ್ರವಾರ ಬರ್ತೀನಿ ತಡಿ ಅಂದನಂತೆ. ಈಶಪ್ಪ ಶಹಾಪುರಕ್ಕೂ ಹೋದ. ಅಲ್ಲಿ ಸ್ಕ್ರೀನು ನೋಡಿದವರು, ಮುಚ್ಚ್ಯದಲ್ಲೋ, ಸುಮ್ನ ಯಾಕ ತಲಿ ತಿಂತಿ ಎಂದು ವಾಪಸು ಕಳಿಸಿದರು. ಶುಕ್ರವಾರ ಯಂಕಣ್ಣ ಬಂದು ಆ ಪುಟ ಓದಿ ಹೇಳಿದ ಮೇಲೆಯೇ ಗೇಟು ಮುಚ್ಚಿತು.

"ಹದಿನೆಂಟು ವರ್ಷ ಗೇಟು ನಡಸೀರಿ. ಒಂದು ಚಕ್ರ ತಿರುವಾಕ ಪುಟ ಬೇಕೇನ್ರಿ ನಿಮಗ?" ಚಂದಮ್ಮನ ದನಿ ಏರಿತು. ಸಂಶಯ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಈಶಪ್ಪ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. "ಬೇಕಾಗಿರಲಿಲ್ರಿ. ಹದಿನೆಂಟು ವರ್ಷ ಕಣ್ಣಿಲೇ ನೋಡಿ, ಕೈಯಿಲೇ ಮುಚ್ಚೀನಿ. ನೀವೇ ಕಲಸಾಕ ಬಂದಾಗ ಅಂದ್ರಿ, ನಿಮ್ಮ ಹಳೇ ರೂಢಿ ಎಲ್ಲಾ ಬಿಡ್ರಿ, ಪುಸ್ತಕದಾಗ ಇಲ್ಲದ್ದು ಒಂದೂ ಮಾಡಬ್ಯಾಡ್ರಿ, ಚಕ್ರ ಮುಟ್ಟಿ ಮೋಟಾರು ಸುಟ್ಟರ ಮನೀಗೆ ಹೋಗ್ತೀರಿ ಅಂತ. ನಾ ಮನೀಗೆ ಹೋಗಬಾರದು ಅಂತ ನೀವು ಹೇಳಿದಂಗ ಕೇಳೀನ್ರಿ."

ಅಂದದ್ದು ಹೌದು. ಅದೇ ಮಾತು, ಅದೇ ಬಿರುಸಿನಲ್ಲಿ, ಮೇಜು ಕುಟ್ಟಿ ಅಂದದ್ದು ಚಂದಮ್ಮನಿಗೆ ನೆನಪಾಯಿತು. ಆಗ ಆರೂ ಮಂದಿ ತಲೆ ಆಡಿಸಿದ್ದು ಕಂಡು ಖುಷಿಪಟ್ಟಿದ್ದೂ ನೆನಪಾಯಿತು. ಈಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು.

ಆದರೂ ಚಂದಮ್ಮ ಚಂದಮ್ಮನೇ. "ಬೀಗರ ಹೊಲ ತೋರಸ್ರಿ," ಅಂದಳು. ಈಶಪ್ಪ ಬರಲಿಲ್ಲ, ಯಂಕಣ್ಣ ಕರೆದುಕೊಂಡು ಹೋದ. ಕೊಯ್ಲಿಗೆ ಬಂದಿದ್ದ ಬಿಳಿಜೋಳ ನಾಲ್ಕು ದಿನ ನಿಂತ ನೀರಿನಲ್ಲಿ ಬೇರು ಸಡಿಲಾಗಿ ಮಕಾಡೆ ಮಲಗಿತ್ತು, ತೆನೆಗಳು ಕಪ್ಪಗಾಗಿದ್ದವು. ಅವಳು ಒಂದು ತೆನೆ ಮುರಿದು ಉಜ್ಜಿ ನೋಡಿದಳು. ಬೂಷ್ಟು ಹಿಡಿದಿತ್ತು. ಈಶಪ್ಪನ ಹೆಂಡತಿಯ ಅಣ್ಣ ಅವತ್ತಿನಿಂದ ಇವರ ಮನೆಯ ನೀರೂ ಕುಡಿಯುತ್ತಿಲ್ಲ ಎಂದು ಯಂಕಣ್ಣ ಹೇಳಿದ. ಇಂಥ ಉಪಕಾರವನ್ನು ಯಾರೂ ಬೀಗರಿಗೆ ಮಾಡುವುದಿಲ್ಲ.

ಅವಳು ತಿರುಗಿ ಬಂದು ಕಟ್ಟೆಯ ಮೇಲೆ ಹಾಳೆಯ ಮುಂದೆ ಕೂತಳು. ಯಾವ ಪುಟ ಯಾವ ಗೇಟಿನ ಗುಡಿಸಲಿನಲ್ಲಿದೆ ಎಂದು ಕೇಳಿ ಕೇಳಿ, ಆರು ಪಾಲಿಗೆ ಆರು ಗೆರೆಗಳ ಬೇಲಿ ಹಾಕಿದಳು. ಈಗ ಬಾಣಗಳೆಲ್ಲ ಬೇಲಿ ಹಾರುತ್ತಿದ್ದವು. ಎಣಿಸಿದರೆ ಇಪ್ಪತ್ತಮೂರು. ಮೂವತ್ತೊಂದರಿಂದ ನಲವತ್ತನಾಲ್ಕಕ್ಕೆ ತಾನು ಎಳೆದಿದ್ದ ನೆಟ್ಟನೆಯ ಬಾಣದ ಪಕ್ಕ ‘ನಾಲ್ಕು ಕಿಲೋಮೀಟರ್, ಕೀಲಿ ಹಾಕಿದೆ’ ಎಂದು ಬರೆದಳು. ಈಶಪ್ಪ ಬಗ್ಗಿ ನೋಡಿ, "ಇದು ಬರೋಬ್ಬರಿ ಅದ್ರಿ," ಅಂದ. ಆದರೆ ಒಂದು ಮಾರು ದೂರದಲ್ಲೇ ನಿಂತಿದ್ದ.

ಸಂಜೆ ಆಫೀಸಿನಲ್ಲಿ ಹಂಪಣ್ಣ ಆ ಹಾಳೆಯನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಇದನ್ನ ಮಡಚಿ ಕಪಾಟಿನಾಗ ಇಡು. ಆರು ಗೇಟಿಗೆ ಒಂದೇ ಪುಸ್ತಕ ಕೊಟ್ಟವರು ಯಾರು? ನಾವು. ಗೇಟು ಅರ್ಧ ನಿಂತರೂ ಮುಚ್ಚ್ಯದ ಅಂತ ಹೇಳಿದ ಸ್ಕ್ರೀನು ಯಾರದು? ನಮ್ಮದು. ನೀ ಯಾರ ಕಡೆ ಅದಿ ಅಂತ ನನಗೇ ಗುಮಾನಿ ಬರಾಕತ್ತದ."

"ನನಗೂ ಗೊತ್ತಾಗವಲ್ದುರಿ," ಅಂದಳು ಚಂದಮ್ಮ. "ಆದರ ಆ ನಾಕು ಸಾಲು ಸುಳ್ಳು. ಸುಳ್ಳಿಗೆ ನಾ ಸಹಿ ಹಾಕಂಗಿಲ್ಲ."

ಗುರುವಾರ ಸುರಪುರದಲ್ಲಿ ವಿಚಾರಣೆ ಹನ್ನೊಂದಕ್ಕೆ ಶುರುವಾಯಿತು. ಕೋಣೆಯ ಒಂದು ಬದಿಗೆ ಲಾಲಮ್ಮ ಮತ್ತು ಕಾಲುವೆ ಕೊನೆಯ ನಾಲ್ಕೈದು ಮಂದಿ. ಇನ್ನೊಂದು ಬದಿಗೆ ಈಶಪ್ಪ, ಬಾಗಿಲ ಹೊರಗೆ ಉಳಿದ ಗೇಟಿನವರು. ಈಶಪ್ಪ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟಿಕೊಳ್ಳುತ್ತಿದ್ದ, ಬಿಡುತ್ತಿದ್ದ. ಇಂಜಿನಿಯರ್ ಸಾಹೇಬರು ಕಂಪನಿಯ ಪತ್ರ ಎಲ್ಲಿ ಎಂದು ಕೇಳಿದರು. ಹಂಪಣ್ಣ ಚಂದಮ್ಮನ ಕಡೆ ನೋಡಿದ. ಚಂದಮ್ಮ ಎದ್ದು ಮೇಜಿನ ಮೇಲಿದ್ದ ಫೈಲುಗಳನ್ನು ಸರಿಸಿ ಹಾಳೆ ಹಾಸಿದಳು.

ಬೆರಳಿಟ್ಟು ಒಂದೊಂದೇ ಹೇಳಿದಳು. ಪಾಲು ಮಾಡಿದ್ದನ್ನು ಹೇಳುವಾಗ ಬಾಗಿಲ ಹೊರಗೆ ಯಾರೋ ನಿಟ್ಟುಸಿರುಬಿಟ್ಟರು. ಸಾಹೇಬರು ಮೊದಲು ಮುಖ ಬಿಗಿದುಕೊಂಡರು, ಆಮೇಲೆ ಹದಿಮೂರನೇ ಗೇಟಿನವನ ಶಬ್ದದ ಪಟ್ಟಿಗೆ ಬಂದಾಗ ಮೀಸೆಯೊಳಗೆ ನಕ್ಕರು. "ಪುಸ್ತಕ ಹರದದ್ದಕ್ಕ ಯಾರನ್ನೂ ಗಲ್ಲಿಗೆ ಹಾಕಂಗಿಲ್ಲ," ಅಂದರು. ಮರುಗಳಿಗೆ ನಗು ಬಿಟ್ಟು ಕೇಳಿದರು: "ಗೇಟು ಕಣ್ಣಿಗೆ ಅರ್ಧ ಕಂಡರೂ ಕೈ ಹಚ್ಚಬ್ಯಾಡ, ಪುಸ್ತಕದಾಗ ಇಲ್ಲದ್ದು ಮಾಡಬ್ಯಾಡ ಅಂತ ಇವರಿಗೆ ಹೇಳಿದವರು ಯಾರು?"

"ನಾನ್ರಿ," ಅಂದಳು ಚಂದಮ್ಮ. "ಕಲಸುವಾಗ ಹೇಳೀನಿ. ಇವರು ಹಂಗೇ ಕೇಳ್ಯಾರ. ತಪ್ಪು ನಂದು."

ಹಂಪಣ್ಣ ಕುರ್ಚಿ ಹಿಂದೆ ತಳ್ಳಿ ಎದ್ದು ಹೊರಟುಹೋದ. ಅವನ ಜೀಪು ಶುರುವಾದ ಸದ್ದು ಎಲ್ಲರಿಗೂ ಕೇಳಿಸಿತು. ಇನ್ನು ಶಹಾಪುರಕ್ಕೆ ಬಸ್ಸೇ ಗತಿ ಎಂದು ಚಂದಮ್ಮನಿಗೆ ಗೊತ್ತಾಯಿತು.

ಸಾಹೇಬರು ಲಾಲಮ್ಮನ ಕಡೆ ತಿರುಗಿದರು. "ಅಮ್ಮಾ, ದೂರು ನಿಂದು. ಈಶಪ್ಪ ಬೇಕಂತ ಮಾಡಿಲ್ಲ ಅಂತ ನಿನಗ ಕಬೂಲ ಆದರ ಹೇಳು, ಇವತ್ತೇ ಅವನನ್ನ ಗೇಟಿಗೆ ಕಳಸ್ತೀನಿ. ಇಲ್ಲಂದರ ಕಾಗದ ಮ್ಯಾಲ ಹೋಗ್ತದ. ಮ್ಯಾಲ ಹೋದರ ಅಲ್ಲಿಂದ ತಿರುಗಿ ಬರೂತನ ಅವಗ ಕೆಲಸ ಇಲ್ಲ."

ಎಲ್ಲರ ಕಣ್ಣೂ ಮುದುಕಿಯ ಮೇಲೆ. ಲಾಲಮ್ಮ ಸೆರಗು ಬಿಗಿ ಮಾಡಿಕೊಂಡು ಎದ್ದು ಮೇಜಿನ ಹತ್ತಿರ ಬಂದಳು. ಹಾಳೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಇವರೆಲ್ಲಾ ಕೂಡಿ ನನ್ನ ಮುಂದ ಸೋಗು ಹಾಕಾಕತ್ತಾರೋ ಏನೋ ಯಾರಿಗೆ ಗೊತ್ತು," ಅಂದಳು. ಆಮೇಲೆ ಚಂದಮ್ಮನ ಕಡೆ: "ಯವ್ವಾ, ಗೇಟಿನಾಗ ಏನೇನು ನಡೀತದ, ಎಲ್ಲಾ ಇದರಾಗ ಅದ ಅಂದೆಲ್ಲ?"

"ಎಲ್ಲಾ ಅದ ಆಯಿ."

"ಆ ಮಂಗಳವಾರ ನಾ ಕೊನೀಯಿಂದ ನಡಕೋತ ಈ ಈಶಪ್ಪನ ಗೇಟಿಗೆ ಬಂದೀನಿ. ಶೇಂಗಾ ಒಣಗಾಕ ಇನ್ನಾ ಮೂರು ದಿನ ಇತ್ತು. ನೀರು ಬಂದಿಲ್ಲಪ್ಪ, ಜರಾ ನೋಡು ಅಂದೀನಿ. ಇಂವ ಏನಂದ? ನೀ ಹೇಳಿದರ ಏನು ಮಾಡಬೇಕು ಅಂತ ಪುಸ್ತಕದಾಗ ಇಲ್ಲ ಆಯಿ ಅಂದ. ಅಳುಮಾರಿ ಮಾಡಿಕೊಂಡು ಅಂದ, ಸುಳ್ಳ್ಯಾಕ ಹೇಳಲಿ. ಇಷ್ಟು ದೊಡ್ಡ ನಕಾಶಿ ತೆಗದೀಯಲ್ಲ, ನಾ ಬಂದು ಹೇಳಿದ್ದು ಇದರಾಗ ಎಲ್ಲದ, ತೋರಸು."

ಚಂದಮ್ಮ ಹುಡುಕಿದಳು. ತೊಂಬತ್ತಾರು ಚೌಕಗಳ ಮೇಲೆ ಕಣ್ಣಾಡಿಸಿದಳು. 'ಕರೆಂಟು ಹೋದರೆ' ಇತ್ತು, 'ಟ್ಯಾಬು ಕೆಟ್ಟರೆ' ಇತ್ತು, 'ಪಾಸ್‌ವರ್ಡ್ ಮರೆತರೆ' ಎಂಬುದಕ್ಕೆ ಎರಡು ಪುಟವೇ ಇತ್ತು. ಹೊಲದಿಂದ ಒಬ್ಬ ಮನುಷ್ಯ ನಡೆದು ಬಂದು ನೀರು ಬಂದಿಲ್ಲ ಅಂದರೆ ಎಂಬುದಕ್ಕೆ ಒಂದು ಚೌಕವೂ ಇರಲಿಲ್ಲ. ಲೋಕದ ಎಲ್ಲದರ ಮೇಲೂ ಸಂಶಯಪಟ್ಟವಳಿಗೆ ಇದೊಂದು ಹೊಳೆದೇ ಇರಲಿಲ್ಲ. ಅವಳ ಕಣ್ಣು ತುಂಬಿ ಗೆರೆಗಳೆಲ್ಲ ಕಲಸಿಹೋದವು.

"ಇಲ್ಲ ಆಯಿ," ಅಂದಳು. "ಬರದಿಲ್ಲ."

"ಈಗ ಬರಿ."

ಎರಡನೇ ಮುದ್ರಣದ ಮೊದಲನೇ ಚೌಕವನ್ನು ಚಂದಮ್ಮ ಅಲ್ಲಿ, ಸಾಹೇಬರ ಮೇಜಿನ ಮೇಲೆ, ಎಲ್ಲರ ಮುಂದೆ ಬರೆದಳು. ಹಾಳೆಯ ಕೊನೆಯ ಅಂಚಿನಲ್ಲಿ ಜಾಗ ಉಳಿದಿತ್ತು. ಚೌಕದ ಒಳಗೆ ಎರಡು ಸಾಲು ಬರೆದು, ಅಲ್ಲಿಂದ ನಲವತ್ತನಾಲ್ಕಕ್ಕೆ ಒಂದು ಕೆಂಪು ಬಾಣ ಎಳೆದಳು.

"ಏನು ಬರದಾಳ, ಓದು," ಎಂದು ಲಾಲಮ್ಮ ಈಶಪ್ಪನಿಗೆ ಅಂದಳು.

ಈಶಪ್ಪ ಬಗ್ಗಿ, ಅಕ್ಷರ ಅಕ್ಷರ ಕೂಡಿಸಿ ಓದಿದ: "ಹೊಲದವರು ಬಂದು ನೀರು ಬಂದಿಲ್ಲ ಎಂದು ಹೇಳಿದರೆ, ಸ್ಕ್ರೀನು ಏನೇ ಹೇಳಲಿ, ಕೂಡಲೇ ಗೇಟಿಗೆ ಹೋಗಿ ಕಣ್ಣಾರೆ ನೋಡಬೇಕು. ಮುಚ್ಚಿರದಿದ್ದರೆ ಕೈಯಿಂದ ಮುಚ್ಚಬೇಕು."

ಲಾಲಮ್ಮನಿಗೆ ಅವನೊಬ್ಬನ ಮೇಲೆ ನಂಬಿಕೆ ಸಾಲಲಿಲ್ಲ. ಬಾಗಿಲಿನಿಂದ ಯಂಕಣ್ಣನನ್ನು ಕರೆಸಿ, ಈಶಪ್ಪನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ, ಇನ್ನೊಮ್ಮೆ ಓದಿಸಿದಳು. ಅದೂ ಸಾಲದೆ ಸಾಹೇಬರಿಂದಲೂ ಓದಿಸಿದಳು. ಮೂವರದೂ ಒಂದೇ ಆಯಿತು. ಆಮೇಲೆ ಶಾಯಿಯ ಡಬ್ಬಿ ಕೇಳಿದಳು. ಸಾಹೇಬರು ದೂರು ಹಿಂದೆ ತೆಗೆದುಕೊಳ್ಳುವ ಕಾಗದ ಮುಂದಿಟ್ಟರು. ಅವಳು ಅದಕ್ಕೊಂದು ಹೆಬ್ಬೆಟ್ಟು ಒತ್ತಿದಳು, ಇನ್ನೊಂದನ್ನು ಯಾರೂ ಕೇಳದಿದ್ದರೂ ಹಾಳೆಯ ಮೇಲಿನ ಆ ಚೌಕದ ಮಗ್ಗುಲಿಗೆ ಒತ್ತಿದಳು.

ಈಶಪ್ಪ ಇನ್ನೂ ಕೈಕಟ್ಟಿಕೊಂಡು ನಿಂತೇ ಇದ್ದ. ಮುದುಕಿ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವನನ್ನು ಗದರಿದಳು.

"ಇಲ್ಲಿ ಏನು ನೋಡ್ತಿ? ನಡಿ, ಗೇಟಿಗೆ ಹೋಗು. ನಾಳಿ ನಮ್ಮ ಪಾಳಿ ಅದ."